ನಾಲ್ಕು ಜನಕ್ಕೊಂದು ಟೇಬಲ್

ಫೆಬ್ರವರಿ 10, ಸೋಮವಾರ

ಮಗಳೇ,

ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ, ವರ್ಕ್‌ಶಾಪಿನ ಹದಿನಾಲ್ಕು ಹೊಲಿಗೆ ಮಷೀನುಗಳೂ ಓಡುತ್ತಿವೆ. ನಿನ್ನ ಸಮಾಚಾರ ನಿನ್ನ ಅಣ್ಣನ ಬಾಯಿಂದ ಕಿವಿಗೆ ಬೀಳುತ್ತಿರುತ್ತದೆ. ಆದ್ದರಿಂದ ಹೇಗಿದ್ದೀಯ ಎಂದು ಕೇಳಿ ಕಾಗದ ದಂಡ ಮಾಡುವುದಿಲ್ಲ.

ಮೂರು ವರ್ಷದ ಮೇಲೆ ಇದೇನು ಪತ್ರ ಎಂದು ನೀನು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿರಬಹುದು. ಫೋನಿನಲ್ಲಿ ನಾವಿಬ್ಬರೂ ಎರಡು ನಿಮಿಷ ದಾಟಿದರೆ ಜಗಳ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ. ನಿನ್ನ ಮದುವೆಯ ಊಟದಲ್ಲಿ ನಾನು ತಟ್ಟೆ ಬಿಟ್ಟು ಎದ್ದೆ. ‘ನಮ್ಮ ಅಡುಗೆ ಕಂಡ್ರೆ ನಿನಗೆ ಅಸಹ್ಯ ಅಂದ್ರೆ ನಮ್ಮ ಹೋಟೆಲಿನ ಮೆಟ್ಟಿಲು ಹತ್ತಬೇಡ’ ಎಂದು ನೀನು ಹೇಳಿದೆ. ನಾನು ಹತ್ತಲಿಲ್ಲ. ಆ ಮಾತು ಅಲ್ಲಿಗೇ ಇರಲಿ, ಈ ಪತ್ರ ಅದರ ಬಗ್ಗೆ ಅಲ್ಲ. ನಿನ್ನೆ ಒಂದು ಸಂಗತಿ ನಡೆಯಿತು. ಬಟ್ಟೆಯನ್ನೂ ಅಡುಗೆಯನ್ನೂ ಎರಡನ್ನೂ ಬಲ್ಲವರಿಗೆ ಮಾತ್ರ ಅದು ಅರ್ಥವಾಗುತ್ತದೆ. ಅಂಥವರು ನನಗೆ ಗೊತ್ತಿರುವುದು ನೀನೊಬ್ಬಳೇ.

ಬೆಳಿಗ್ಗೆ ವಾಕಿಂಗ್ ಹೋಗುವಾಗ ನನಗೆ ಮೂವರು ಗೆಳತಿಯರಾಗಿದ್ದಾರೆ. ಒಬ್ಬಳು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತಿಯಾದವಳು. ಈಗಲೂ ನಾಲ್ಕು ಜನ ಕೂಡಿದಲ್ಲಿ ‘ಒಳಗೆ ಬನ್ನಿ, ಒಳಗೆ ಬನ್ನಿ’ ಎನ್ನುತ್ತಾಳೆ. ಇನ್ನೊಬ್ಬಳು ನರ್ಸ್. ಮೂರನೆಯವಳು ಭೂಗೋಳದ ಟೀಚರ್, ಯಾವ ದೇಶಕ್ಕೂ ಹೋದವಳಲ್ಲ, ಎಲ್ಲ ದೇಶದ ರಾಜಧಾನಿಯೂ ಬಾಯಿಗೆ ಬರುತ್ತದೆ. ನಿನ್ನೆ ನರ್ಸಿಗೆ ಅರವತ್ತು ತುಂಬಿತು. ಟೀಚರ್ ಹಟ ಹಿಡಿದು ಇಥಿಯೋಪಿಯಾದ ಹೋಟೆಲೊಂದಕ್ಕೆ ನಮ್ಮನ್ನು ಎಳೆದುಕೊಂಡು ಹೋದಳು.

ಕೂತೆವು. ಬುಟ್ಟಿಯಲ್ಲಿ ಬೂದು ಬಣ್ಣದ ಬಟ್ಟೆಯನ್ನು ಸುರುಳಿ ಸುತ್ತಿ ತಂದಿಟ್ಟರು. ಇಷ್ಟು ಮರ್ಯಾದೆಯ ಹೋಟೆಲ್ ಎಂದು ಮೆಚ್ಚಿಕೊಂಡು ಒಂದು ಸುರುಳಿ ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡೆ. ಕೈ ಸುಮ್ಮನಿರುತ್ತದೆಯೇ, ಬೆರಳಲ್ಲಿ ತಿಕ್ಕಿ ನೋಡಿದೆ. ನೇಯ್ಗೆ ಒಂದೇ ಸಮ ಇಲ್ಲ, ಮೈತುಂಬ ತೂತು, ಅಂಚು ಹೊಲಿದಿಲ್ಲ, ಮೇಲಾಗಿ ಹಸಿ. ಬಡಿಸುವ ಹೆಂಗಸನ್ನು ಕರೆದು, ಈ ಕರವಸ್ತ್ರ ಸರಿಯಾಗಿ ಒಣಗಿಲ್ಲ, ಬೇರೆ ಕೊಡಿ ಎಂದೆ. ಅವಳು ನನ್ನ ತೊಡೆ ನೋಡಿದಳು, ನನ್ನ ಮುಖ ನೋಡಿದಳು. ‘ಅಮ್ಮ, ಅದು ನಿಮ್ಮ ಊಟ’ ಎಂದಳು.

ಇಂಜೆರಾ ಅಂತೆ ಅದರ ಹೆಸರು, ಹುಳಿ ಬರಿಸಿದ ಹಿಟ್ಟಿನ ದೋಸೆ. ಕಂಡಕ್ಟರ್ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ನಾನು ನಗಲಿಲ್ಲ. ನೆಟ್ಟಗೆ ಕೂತು, ತೊಡೆಯ ಮೇಲಿದ್ದುದನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, ಇನ್ನೊಂದನ್ನು ತೆಗೆದುಕೊಂಡೆ. ದೊಡ್ಡ ತಟ್ಟೆ, ನಾಲ್ವರಿಗೂ ಅದೊಂದೇ. ಕೆಂಪು ಬೇಳೆ, ಸೊಪ್ಪು, ಖಾರದ ಮಾಂಸ, ಎಲ್ಲ ಅದರ ಮೇಲೆ ಗುಡ್ಡೆ ಗುಡ್ಡೆ. ಹರಿದು, ಹಿಡಿದು, ಬಾಯಿಗೆ. ಹುಳಿ ಮೊದಲು ಬರುತ್ತದೆ, ಆಮೇಲೆ ಖಾರ, ಕೊನೆಗೆ ಸುಟ್ಟ ಈರುಳ್ಳಿಯ ಸಿಹಿ. ಮೂರೂ ಸರತಿ ತಪ್ಪದೆ ಬಂದವು. ತಟ್ಟೆಯ ತಳಕ್ಕೆ ಹಾಸಿದ್ದ, ರಸ ಕುಡಿದು ಮೆತ್ತಗಾದ ಭಾಗಕ್ಕೆ ನಾನೂ ನರ್ಸೂ ಕಿತ್ತಾಡಿದೆವು. ಅರವತ್ತು ತುಂಬಿದವಳೆಂದು ಬಿಟ್ಟುಕೊಟ್ಟೆ.

ಇದನ್ನು ಸೊಸೆಗೆ ಹೇಳಿಲ್ಲ.

ನಿನ್ನ ಅಮ್ಮ

*

ಮಾರ್ಚ್ 3, ಸೋಮವಾರ

ಮಗಳೇ,

ನೀನು ಉತ್ತರ ಬರೆದಿಲ್ಲ. ಬರೆಯಬೇಕೆಂದು ನಾನು ಕೇಳಿಯೂ ಇರಲಿಲ್ಲ.

ನಾವು ನಾಲ್ವರೂ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಒಂದು ಭಾನುವಾರ ಹೋಟೆಲ್, ಮುಂದಿನದು ಯಾರದಾದರೂ ಮನೆ. ಹೋಟೆಲಿನಲ್ಲಿ ತಿಂದದ್ದನ್ನು ಮನೆಯಲ್ಲಿ ಮಾಡಿ ನೋಡಬೇಕು. ಮಾಡಲು ಬರದಿದ್ದರೆ ಒಪ್ಪಿಕೊಳ್ಳಬೇಕು. ಈ ಕೊನೆಯದನ್ನು ಸೇರಿಸಿದ್ದು ಟೀಚರ್, ನಾನಲ್ಲ.

ಇಟಲಿಯ ಪಾಸ್ತಾದ ಸರದಿಗೆ ನಮ್ಮ ವರ್ಕ್‌ಶಾಪನ್ನೇ ಗೊತ್ತುಮಾಡಿದೆವು, ಯಾಕೆಂದರೆ ಅಷ್ಟು ಉದ್ದದ ಟೇಬಲ್ ಬೇರೆ ಯಾರ ಮನೆಯಲ್ಲೂ ಇಲ್ಲ. ನಿನ್ನೆ ಬೆಳಿಗ್ಗೆ ಕಟಿಂಗ್ ಟೇಬಲನ್ನು ಬಿಸಿನೀರಲ್ಲಿ ಮೂರು ಸಲ ಒರೆಸಿದೆ. ಹಿಟ್ಟಿಗೆ ಮೊಟ್ಟೆ ಒಡೆದು ಹಾಕಿ ನರ್ಸ್ ನಾದಿದಳು, ಅವಳ ತೋಳು ಇನ್ನೂ ಗಟ್ಟಿ. ನಾನು ಲಟ್ಟಿಸಿದೆ. ಆರು ಅಡಿ ಉದ್ದ, ಎರಡು ಅಡಿ ಅಗಲ, ಬೆಳಕಿಗೆ ಹಿಡಿದರೆ ಬೆರಳು ಕಾಣಬೇಕು ಹಾಗೆ. ಟೀಚರ್ ಪುಸ್ತಕ ನೋಡಿ, ಪಟ್ಟಿಗಳನ್ನು ಸುಮಾರಾಗಿ ಕತ್ತರಿಸಿಕೊಳ್ಳಿ ಎಂದು ಬರೆದಿದೆ ಎಂದಳು. ಸುಮಾರು ಎಂಬ ಅಳತೆ ನನ್ನ ಟೇಬಲಿನ ಮೇಲೆ ಇಲ್ಲ ಎಂದೆ. ಸ್ಕೇಲ್ ಇಟ್ಟೆ. ಕಾಲು ಇಂಚು. ತೊಂಬತ್ತಾರು ಪಟ್ಟಿ, ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಒಣಗಿಸಲು ಶಾಲೆಯ ಪ್ಯಾಂಟು ತೂಗುಹಾಕುವ ಹ್ಯಾಂಗರುಗಳಿಗೆ ನೇತುಹಾಕಿದೆವು. ಕಂಡಕ್ಟರ್ ಸಾಲಾಗಿ ತೂಗುತ್ತಿದ್ದ ಊಟವನ್ನು ನೋಡಿ, ‘ಮಾಸ್ಟರ್, ಇದಕ್ಕೆ ಕಾಜಾ ಗುಂಡಿ ಯಾವಾಗ?’ ಎಂದು ಕೇಳಿದಳು.

ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬಿಟ್ಟು, ಟೊಮೆಟೊ ಕರಗಿಸಿ, ಕುದಿಯುವ ನೀರಲ್ಲಿ ಎರಡೇ ನಿಮಿಷ ಪಟ್ಟಿ ಬೇಯಿಸಿ, ಎರಡನ್ನೂ ಕೂಡಿಸಿದ ಕ್ಷಣ ಎಂಥ ವಾಸನೆ ಎದ್ದಿತೆಂದರೆ, ಭಾನುವಾರ ರಜೆಯೆಂದು ಬೀಗ ಹಾಕಿದ್ದ ಬಾಗಿಲನ್ನು ಪಕ್ಕದ ಚಪ್ಪಲಿ ಅಂಗಡಿಯವರು ಬಂದು ತಟ್ಟಿದರು. ಅವರಿಗೂ ಒಂದು ತಟ್ಟೆ ಹೋಯಿತು.

ನೀನಿದ್ದಿದ್ದರೆ ಅರ್ಧ ಟೇಬಲ್ ನಿನಗೆ ಬಿಟ್ಟುಕೊಡುತ್ತಿದ್ದೆ. ನಿನ್ನ ಗೆರೆ ಯಾವತ್ತೂ ನೇರವೇ.

ನಿನ್ನ ಅಮ್ಮ

*

ಮಾರ್ಚ್ 21

ಅಮ್ಮ,

ಎರಡೂ ಪತ್ರ ಬಂದವು. ಮೊದಲನೆಯದನ್ನು ಕ್ಯಾಶ್ ಕೌಂಟರಿನ ಹತ್ತಿರ ನಿಂತು ಓದಿದೆ. ಕರವಸ್ತ್ರದ ಜಾಗಕ್ಕೆ ಬಂದಾಗ ಗಿರಾಕಿಗಳ ಎದುರಿಗೇ ಜೋರಾಗಿ ನಕ್ಕುಬಿಟ್ಟೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅದಕ್ಕೆ ಉತ್ತರ ಬರೆಯಲಿಲ್ಲ.

ಯಾರ ಪತ್ರ ಎಂದು ಇವರು ಕೇಳಿದರು. ಕಟಿಂಗ್ ಮಾಸ್ಟರದ್ದು ಎಂದೆ. ಕೈ ಒರೆಸಿಕೊಂಡು ಬಂದು, ಪೂರ್ತಿ ಓದಿಸಿಕೊಂಡು ಕೇಳಿದರು. ಆ ಇಟಲಿಯ ಹಿಟ್ಟಿಗೆ ಎಷ್ಟು ಮೊಟ್ಟೆ ಹಾಕಿದಿರಿ ಎಂದು ತಿಳಿಯಬೇಕಂತೆ. ನಾನು ಕೇಳುತ್ತಿಲ್ಲ, ಅವರು ಕೇಳುತ್ತಿದ್ದಾರೆ.

ಅಮ್ಮ, ಬೇರೆಯವರ ಊಟದ ಬಗ್ಗೆ ನೀನು ಇಷ್ಟೆಲ್ಲ ಬರೆದೆ. ಇಥಿಯೋಪಿಯಾ ತಿಂದೆ, ಇಟಲಿ ತಿಂದೆ. ನಮ್ಮದೊಂದೇ ನಿನ್ನ ಗಂಟಲಲ್ಲಿ ಇಳಿಯಲಿಲ್ಲವಲ್ಲ, ಅದು ಯಾಕೆ? ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆಯುತ್ತೀಯ. ಬಟ್ಟೆಯ ಪ್ಯಾಟರ್ನ್ ಹಾಕಲು ಕಲಿಯಲೆಂದು ಕಳಿಸಿದರೆ ಅಡುಗೆಯವನನ್ನು ಕಟ್ಟಿಕೊಂಡು ಬಂದೆ ಎಂದು ಬೈದಿದ್ದೆಯಲ್ಲ, ಆ ಕೋಪವೇ ಇನ್ನೂ?

ನಿನ್ನ ಮಗಳು

*

ಏಪ್ರಿಲ್ 14, ಸೋಮವಾರ

ಮಗಳೇ,

ನಾಲ್ಕು ಮೊಟ್ಟೆ, ಮತ್ತೆ ಎರಡು ಹಳದಿ ಭಾಗ. ಹಿಟ್ಟು ಮೂರು ಬಟ್ಟಲು. ನಿನ್ನ ಗಂಡನಿಗೆ ಹೇಳು.

ನಿನ್ನ ಬೇರೆ ಪ್ರಶ್ನೆಯನ್ನು ಓದಿದೆ. ಅಡುಗೆಯವನನ್ನು ಕಟ್ಟಿಕೊಂಡೆ ಎಂಬ ಕೋಪ ನನಗೆ ಒಂದು ತಿಂಗಳು ಇತ್ತು. ಆಮೇಲೆ ಇರಲಿಲ್ಲ. ಅಷ್ಟು ಮಾತ್ರ ಈಗ ಹೇಳುತ್ತೇನೆ.

ಈ ಒಂದೂವರೆ ತಿಂಗಳಲ್ಲಿ ನಾವು ಲೆಬನಾನ್, ಮೆಕ್ಸಿಕೊ ಮುಗಿಸಿದ್ದೇವೆ. ಟೀಚರ್ ಗೋಡೆಯ ನಕ್ಷೆಯಲ್ಲಿ ನನ್ನ ಗುಂಡುಪಿನ್ನುಗಳನ್ನು ಚುಚ್ಚುತ್ತಿದ್ದಾಳೆ. ಲೆಬನಾನಿನ ಹೋಟೆಲಿನಲ್ಲಿ ಕಡಲೆಯನ್ನು ಬೆಣ್ಣೆಯ ಹಾಗೆ ಅರೆದು, ಎಳ್ಳು, ನಿಂಬೆ ಸೇರಿಸಿ, ನಡುವೆ ಗುಂಡಿ ತೋಡಿ ಎಣ್ಣೆ ನಿಲ್ಲಿಸಿರುತ್ತಾರೆ. ಬದನೆಕಾಯಿಯನ್ನು ಬೆಂಕಿಯ ಮೇಲೆ ಸಿಪ್ಪೆ ಕರಿಯಾಗುವವರೆಗೆ ಸುಟ್ಟು ಮಾಡಿದ್ದು ಇನ್ನೊಂದು. ಹೊಗೆಯನ್ನು ತಿನ್ನಬಹುದು ಎಂದು ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಮೂರು ಬದನೆಕಾಯಿ ಸುಟ್ಟೆ. ಮನೆಗೆ ಬೆಂಕಿ ಬಿತ್ತೆಂದು ಸೊಸೆ ಓಡಿ ಬಂದಳು. ಹೀಗೆ ಗುಟ್ಟು ರಟ್ಟಾಯಿತು. ಈಗ ಅವಳು ‘ಅತ್ತೆ, ಈ ವಾರ ಯಾವ ದೇಶ?’ ಎಂದು ಕೇಳುತ್ತಾಳೆ. ಧ್ವನಿಯಲ್ಲಿ ವ್ಯಂಗ್ಯ ಇದೆಯೋ ಆಸೆ ಇದೆಯೋ ಗೊತ್ತಾಗುವುದಿಲ್ಲ.

ಮೆಕ್ಸಿಕೊ ನರ್ಸಿನ ಮನೆಯಲ್ಲಿ. ಮೆಕ್ಕೆಜೋಳದ ಹಿಟ್ಟಿನ ಅಂಗೈಯಗಲದ ರೊಟ್ಟಿ, ಒಳಗೆ ಹುರಿದ ಮೀನು, ಹಸಿ ಕೋಸು, ಮೇಲೆ ನಿಂಬೆ ಹಿಂಡಿದ ಬೆಣ್ಣೆಹಣ್ಣು. ಜೊತೆಗೆ ಲಾಟೀನಿನ ಆಕಾರದ ಒಂದು ಪುಟ್ಟ ಮೆಣಸಿನಕಾಯಿ. ನೋಡಲು ಎಷ್ಟು ಸಾಧು. ಟೀಚರ್ ಅದು ಬೆಳೆಯುವ ಪ್ರದೇಶದ ಹವಾಗುಣ ವಿವರಿಸುತ್ತ ಒಂದನ್ನು ಹಾಗೇ ಕಚ್ಚಿದಳು. ಹವಾಗುಣ ಅಲ್ಲಿಗೇ ನಿಂತಿತು. ನರ್ಸ್ ಹಾಲು ಕುಡಿಸಿದಳು, ಕಂಡಕ್ಟರ್ ಬೆನ್ನು ತಟ್ಟಿದಳು. ಕಣ್ಣೀರು ಒರೆಸಿಕೊಂಡ ಟೀಚರ್ ‘ಇನ್ನೊಂದು ರೊಟ್ಟಿ ಕೊಡಿ’ ಎಂದಳು. ಅಂಥವಳನ್ನು ಗೆಳತಿ ಎಂದು ಹೇಳಿಕೊಳ್ಳಲು ಹೆಮ್ಮೆಯಾಗುತ್ತದೆ.

ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಸಿದ್ಧವಾದ ಯೂನಿಫಾರ್ಮನ್ನು ಪರೀಕ್ಷೆ ಮಾಡಿ ಚೀಟಿ ಹಚ್ಚುತ್ತೇವಲ್ಲ, ಹಾಗೇ: ಪಾಸು, ತಿದ್ದುಪಡಿ, ವಾಪಸು. ವಾಪಸು ಎಂದು ಬರೆದದ್ದು ಒಂದೇ ಸಲ, ನಾನೇ ಮಾಡಿದ ಚೀಸಿನ ಸೂಪಿಗೆ.

ನಿನ್ನ ಗಂಡನ ದೇಶಕ್ಕೆ ಟೀಚರ್ ಇನ್ನೂ ಪಿನ್ನು ಚುಚ್ಚಿಲ್ಲ. ಬೇಡ ಎಂದು ನಾನೇ ತಡೆದಿದ್ದೇನೆ.

ನಿನ್ನ ಅಮ್ಮ

*

ಮೇ 18

ಅಮ್ಮ,

ಒಂದು ವಿಷಯ ಹೇಳಬೇಕು. ಆಗಸ್ಟಿನಲ್ಲಿ ನಮ್ಮ ಅತ್ತೆ ವಿಯೆಟ್ನಾಮಿನಿಂದ ಬರುತ್ತಿದ್ದಾರೆ. ಮದುವೆಯ ನಂತರ ಇದೇ ಮೊದಲು. ಎರಡು ತಿಂಗಳು ಇರುತ್ತಾರೆ.

ಪ್ರತಿ ವಾರ ಫೋನ್ ಮಾಡಿದಾಗಲೂ ನಿನ್ನ ಆರೋಗ್ಯ ಕೇಳುತ್ತಾರೆ. ಆಮೇಲೆ ಒಂದೇ ಪ್ರಶ್ನೆ. ಮೂರು ವರ್ಷದಿಂದ ಅದೇ. ‘ಅವತ್ತು ನಾನು ನಿಮ್ಮಮ್ಮನ ತಟ್ಟೆಗೆ ಕೈ ಹಾಕಿದ್ದು ತಪ್ಪಾಯ್ತಾ? ನಿಮ್ಮಲ್ಲಿ ಹಾಗೆ ಮಾಡಬಾರದಾ?’ ಇಲ್ಲ ಅತ್ತೆ, ಹಾಗೇನಿಲ್ಲ ಎನ್ನುತ್ತೇನೆ. ಅವರು ನಂಬುವುದಿಲ್ಲ. ನಂಬುವುದಾದರೂ ಹೇಗೆ, ಅವರು ಪ್ರೀತಿಯಿಂದ ಇಟ್ಟದ್ದನ್ನು ಮುಟ್ಟದೆ ನೀನು ಎದ್ದು ಹೋದೆ. ಅವರ ಮುಖ ನಾನು ನೋಡಿದೆ, ನೀನು ನೋಡಲಿಲ್ಲ.

ಈ ಸಲ ಎದುರಿಗೇ ಕೂತು ಕೇಳುತ್ತಾರೆ. ಏನು ಹೇಳಲಿ? ನೀನೇ ತಿಳಿಸು. ಮೆಣಸಿನಕಾಯಿಯ ಕಥೆ ಬರೆಯುವುದಾದರೆ ಬರೆಯಬೇಡ.

ನಿನ್ನ ಮಗಳು

*

ಜೂನ್ 29, ಭಾನುವಾರ

ಮಗಳೇ,

ನಲವತ್ತು ದಿನ ತೆಗೆದುಕೊಂಡೆ. ಐದು ಸಲ ಬರೆದು ಹರಿದೆ. ಇದು ಆರನೆಯದು, ಇದನ್ನು ಹರಿಯುವುದಿಲ್ಲ.

ನಿನ್ನ ಅತ್ತೆಯದು ತಪ್ಪಿಲ್ಲ. ನಿಮ್ಮ ಅಡುಗೆಯದೂ ತಪ್ಪಿಲ್ಲ. ಅದು ಹೇಗಿತ್ತೆಂದೇ ನನಗೆ ಗೊತ್ತಿಲ್ಲ, ನಾನು ತಿಂದಿದ್ದರೆ ತಾನೇ.

ಅವತ್ತು ನಮ್ಮೆದುರು ಒಂದು ಬೋಗುಣಿ ನೀರು, ಗಾಜಿನ ಹಾಗೆ ತೆಳುವಾದ ಅಕ್ಕಿಯ ಹಾಳೆಗಳು, ಸೊಪ್ಪು, ಸೀಗಡಿ, ಶ್ಯಾವಿಗೆ ಇಟ್ಟರು. ಹಾಳೆಯನ್ನು ನೀರಲ್ಲಿ ಅದ್ದಿ, ಎಲ್ಲ ಒಳಗಿಟ್ಟು, ಅವರವರೇ ಸುತ್ತಿಕೊಂಡು ತಿನ್ನಬೇಕು. ಸುತ್ತಲೂ ಎಲ್ಲರೂ ಸುತ್ತುತ್ತಿದ್ದರು. ಎದುರು ಸಾಲಿನಲ್ಲಿ ನಮ್ಮ ವರ್ಕ್‌ಶಾಪಿನ ಹದಿನಾಲ್ಕು ಹೆಂಗಸರು. ಅವರಿಗೆಲ್ಲ ಬಟ್ಟೆ ಹಿಡಿಯಲು ಕಲಿಸಿದವಳು ನಾನು. ಮೊದಲ ಹಾಳೆ ಹರಿಯಿತು. ಎರಡನೆಯದು ಬೆರಳಿಗೆ ಅಂಟಿಕೊಂಡು ಉಂಡೆಯಾಯಿತು. ಮೂರನೆಯದು ನನ್ನ ಹೊಸ ಸೀರೆಯ ಮೇಲೆ ಬಿತ್ತು. ಮೂವತ್ತು ಪದರ ಬಟ್ಟೆಯನ್ನು ಒಂದೇ ಏಟಿಗೆ ಕತ್ತರಿಸುವ ಕೈ ಇದು. ನಮ್ಮ ಕಾಜಾ ಹಾಕುವವಳು ಪಕ್ಕದವಳಿಗೆ ಏನೋ ಹೇಳಿ ನಕ್ಕಳು. ನನ್ನ ಬಗ್ಗೆಯೇ ಇರಲಿಕ್ಕಿಲ್ಲ, ಆದರೆ ಆಗ ಹಾಗನ್ನಿಸಲಿಲ್ಲ. ಅಷ್ಟರಲ್ಲಿ ನಿನ್ನ ಅತ್ತೆ ಕೈ ಚಾಚಿ, ಮಗುವಿಗೆ ಮಾಡಿಕೊಡುವ ಹಾಗೆ ಒಂದನ್ನು ಸುತ್ತಿ ನನ್ನ ತಟ್ಟೆಗಿಟ್ಟರು.

ಎದ್ದುಬಿಟ್ಟೆ.

ಅಸಹ್ಯದಿಂದ ಎದ್ದಳು ಎಂದು ನೀವೆಲ್ಲ ಅಂದುಕೊಂಡಿರಿ. ಹಾಗೆಯೇ ಅಂದುಕೊಳ್ಳಲಿ ಎಂದು ಬಿಟ್ಟೆ. ಬಾರದವಳು ಎನಿಸಿಕೊಳ್ಳುವುದಕ್ಕಿಂತ ಕೆಟ್ಟವಳು ಎನಿಸಿಕೊಳ್ಳುವುದು ನನಗೆ ಸುಲಭವಾಯಿತು. ಅದಕ್ಕೆ ಮೂರು ವರ್ಷ ನಿನ್ನನ್ನು ಬಿಟ್ಟುಕೊಟ್ಟೆ. ಈ ವಾಕ್ಯ ಬರೆಯುವಾಗಲೇ ಹಿಂದಿನ ಐದು ಪತ್ರ ಹರಿದದ್ದು.

ಇನ್ನು ಕೇಳು. ನಿನ್ನ ಪತ್ರ ಬಂದ ವಾರವೇ ದೊಡ್ಡ ಮಾರ್ಕೆಟ್ಟಿಗೆ ಹೋಗಿ ಅಕ್ಕಿ ಹಾಳೆಯ ಆರು ಕಟ್ಟು ತಂದೆ. ಟೀಚರಿಗೆ ಪಿನ್ನು ಚುಚ್ಚು ಎಂದೆ. ಮೂವರೂ ಸೇರಿಕೊಂಡರು. ಯಾಕೆ ಎಂದು ಅವರಿಗೆ ಹೇಳಿಲ್ಲ. ಮೊದಲ ಭಾನುವಾರ ಹರಿದದ್ದು ನಲವತ್ತು. ನನ್ನ ತಪ್ಪು ಕಂಡುಹಿಡಿದವಳು ನರ್ಸ್. ‘ಅಕ್ಕ, ನೀವು ಬಟ್ಟೆ ಜಗ್ಗಿದ ಹಾಗೆ ಜಗ್ಗುತ್ತೀರಿ. ಬ್ಯಾಂಡೇಜ್ ಸುತ್ತಿದ ಹಾಗೆ ಸುತ್ತಿ. ಒಳಗೆ ನೋವಿದೆ ಅಂತ ತಿಳ್ಕೊಳ್ಳಿ’ ಎಂದಳು. ಇನ್ನೊಂದು ಗುಟ್ಟೂ ತಿಳಿಯಿತು: ಹಾಳೆ ಮೆತ್ತಗಾಗುವ ತನಕ ನೀರಲ್ಲಿ ಇಡಬಾರದು, ಇನ್ನೂ ಬಿರುಸಿರುವಾಗಲೇ ತೆಗೆಯಬೇಕು. ತಟ್ಟೆಯ ಮೇಲೆ ತಾನೇ ಮೆತ್ತಗಾಗುತ್ತದೆ. ಈಗ ಹತ್ತರಲ್ಲಿ ಎಂಟು ಸರಿಯಾಗಿ ಬರುತ್ತದೆ. ಮತ್ತೆ ಎಷ್ಟು ರುಚಿ ಅದು. ಪುದೀನ ಒಂದು ಕಡೆ, ಹುರಿದ ಕಡಲೆಬೀಜ ಒಂದು ಕಡೆ, ಆ ಮೀನಿನ ಉಪ್ಪುನೀರಲ್ಲಿ ಅದ್ದಿದರೆ ಒಳಗಿನದೆಲ್ಲ ಎಚ್ಚರಾಗುತ್ತದೆ. ನಿನ್ನ ಮದುವೆಯ ದಿನ ಇದನ್ನು ನಾನು ಕಳೆದುಕೊಂಡೆನಲ್ಲ ಎಂದು ಏಳನೆಯದನ್ನು ತಿನ್ನುತ್ತ ಅಳು ಬಂತು. ಗೆಳತಿಯರಿಗೆ ಮೆಣಸಿನಕಾಯಿ ಖಾರ ಎಂದೆ.

ಆಗಸ್ಟಿನಲ್ಲಿ ನಿಮ್ಮ ಹೋಟೆಲಿನಲ್ಲಿ ನಾಲ್ಕು ಜನಕ್ಕೊಂದು ಟೇಬಲ್ ಸಿಗುತ್ತದೆಯೇ? ಮೆಟ್ಟಿಲು ಹತ್ತಬಹುದೇ ಎಂದು ಕೇಳುತ್ತಿದ್ದೇನೆ. ಬೇಡ ಎಂದರೂ ತಿಳಿಸು, ಅದನ್ನೂ ಓದುತ್ತೇನೆ.

ನಿನ್ನ ಅಮ್ಮ

*

ಜುಲೈ 16

ಅಮ್ಮ,

ಆಗಸ್ಟ್ 10, ಭಾನುವಾರ, ಮಧ್ಯಾಹ್ನ ಹನ್ನೆರಡೂವರೆ. ಅವತ್ತು ಹೋಟೆಲಿಗೆ ರಜೆ. ಕಿಟಕಿಯ ಹತ್ತಿರದ ಟೇಬಲ್ ಹಾಕಿಸುತ್ತೇನೆ. ಗೆಳತಿಯರನ್ನು ಕರೆದುಕೊಂಡು ಬಾ. ಟೀಚರಿಗೆ ಖಾರ ಹಾಕುವುದಿಲ್ಲ ಎಂದು ಹೇಳು.

ನಿನ್ನ ಪತ್ರ ಓದಿ ಎರಡು ದಿನ ಗಿರಾಕಿಗಳ ಮೇಲೂ ರೇಗಿದೆ. ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡದಾಗಿ ಅತ್ತುಬಿಟ್ಟೆನಲ್ಲ ಎಂದು ಸಿಟ್ಟು. ಬಂದ ಮೇಲೆ ನಿನ್ನ ಹತ್ತಿರ ಹೇಗೆ ಮಾತಾಡುತ್ತೇನೋ ಗೊತ್ತಿಲ್ಲ. ಒಳ್ಳೆಯದಾಗಿ ಮಾತಾಡುತ್ತೇನೆಂದು ಮಾತು ಕೊಡಲಾರೆ.

ಅತ್ತೆಗೆ ನಾನು ಏನೂ ಹೇಳಿಲ್ಲ. ಹೇಳುವುದೂ ಇಲ್ಲ. ಅದು ನಿನ್ನ ಕೆಲಸ.

ನಿನ್ನ ಮಗಳು

*

ಆಗಸ್ಟ್ 11, ಸೋಮವಾರ

ಕಂಡಕ್ಟರೇ,

ನಿನ್ನೆ ಸ್ಟೇಷನ್ನಿನಲ್ಲಿ ಮೂವರೂ ನನ್ನನ್ನು ಕಾದು, ರೈಲು ಹತ್ತುವಾಗ ಬೈದುಕೊಂಡಿರುತ್ತೀರಿ. ಬರುವುದಿಲ್ಲ ಎಂದು ಫೋನಿನಲ್ಲಿ ಎರಡೇ ಮಾತು ಹೇಳಿ ಇಟ್ಟುಬಿಟ್ಟೆ. ಪೂರ್ತಿ ಹೇಳಲು ಹೋದರೆ ನೀನು ಸ್ಪೀಕರ್ ಹಾಕಿ ಬೋಗಿಯವರಿಗೆಲ್ಲ ಕೇಳಿಸುತ್ತೀಯ. ಆದ್ದರಿಂದ ಬರೆಯುತ್ತಿದ್ದೇನೆ. ಟೀಚರಿಗೂ ನರ್ಸಿಗೂ ಓದಿ ಹೇಳು. ಅವರಿಬ್ಬರಿಗೆ ಮಾತ್ರ.

ಊಟ ಹೇಗಿತ್ತೆಂದು ನಿಮಗೆ ಹೇಳಬೇಕಾಗಿಲ್ಲ. ಫೋ ಎಂಬ ಆ ಸೂಪನ್ನು ನೀನು ಮೂರು ಬಟ್ಟಲು ಹೀರಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನಾನು ಎರಡಕ್ಕೇ ನಿಲ್ಲಿಸಿದೆ, ಬೀಗಿತ್ತಿಯ ಎದುರು ಅಷ್ಟಾದರೂ ಬಿಗಿ ಇರಲಿ ಎಂದು. ಆದರೆ ಒಂದು ವಿಷಯ ನಿಮಗೆ ಗೊತ್ತಿಲ್ಲ. ಮಗಳ ಮದುವೆಯಲ್ಲಿ ಅದೇ ಬೀಗಿತ್ತಿ ಅಕ್ಕಿ ಹಾಳೆ ಸುತ್ತಿ ನನ್ನ ತಟ್ಟೆಗೆ ಇಟ್ಟಾಗ ನಾನು ಮುಟ್ಟದೆ ಎದ್ದು ಹೋಗಿದ್ದೆ. ನನಗೆ ಸುತ್ತಲು ಬಾರದ ಅವಮಾನಕ್ಕೆ. ಅಷ್ಟು ಭಾನುವಾರ ನಿಮ್ಮ ಕೈಯಲ್ಲಿ ಹಾಳೆ ಸುತ್ತಿಸಿದ್ದು ಅದಕ್ಕೇ. ನಿನ್ನೆ ಅವರ ಕಣ್ಣೆದುರು ಒಂದನ್ನು ಚೆಂದವಾಗಿ ಸುತ್ತಿ ಅವರ ತಟ್ಟೆಗೆ ಇಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ, ಬಾಯಿ ಬಿಡುವ ಕೆಲಸವಿಲ್ಲ ಎಂದುಕೊಂಡು ಬಂದಿದ್ದೆ.

ಟೇಬಲಿನ ಮೇಲೆ ಹಾಳೆಯೇ ಇರಲಿಲ್ಲ. ನೀವು ಗಮನಿಸಿದಿರೋ ಇಲ್ಲವೋ. ಸೂಪು ಬಂತು, ಹುರಿದ ಮೀನು ಬಂತು, ಎಳೆ ಪಪ್ಪಾಯಿಯ ಕೋಸಂಬರಿಯಂಥದ್ದು ಬಂತು, ಸೊಪ್ಪಿನ ಗುಡ್ಡೆಯೇ ಬಂತು. ಅದು ಮಾತ್ರ ಬರಲಿಲ್ಲ. ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ.

ಮೂರು ಗಂಟೆಗೆ ನೀವು ಊರು ನೋಡಲು ಹೊರಟಿರಿ. ಉಳಿದವರು ನಾನು, ಮಗಳು, ಅಳಿಯ, ಬೀಗಿತ್ತಿ. ಬೀಗಿತ್ತಿ ನಾಳೆಯ ಸೊಪ್ಪು ಬಿಡಿಸುತ್ತಿದ್ದರು. ಅಕ್ಕಿ ಹಾಳೆ ಯಾಕೆ ಇಡಲಿಲ್ಲ ಎಂದು ಮಗಳನ್ನು ಕೇಳಿದೆ. ‘ನಾನೇ ತೆಗೆಸಿದೆ. ಹತ್ತರಲ್ಲಿ ಎರಡು ಇನ್ನೂ ಕೆಡುತ್ತೆ, ಅತ್ತೆ ಎದುರು ನಿನಗೆ ಕಷ್ಟ ಆಗ್ಬಾರ್ದು ಅಂತ’ ಎಂದಳು. ನನ್ನ ಮಾನ ಉಳಿಸಲು ನೋಡಿದ್ದಾಳೆ. ಅಳಿಯ ಎದ್ದು, ಬೇಕಿದ್ದರೆ ಈಗಲೇ ತರುತ್ತೇನೆ, ಒಳಗೆ ಇದೆ ಎಂದ.

ತರಿಸಬಹುದಿತ್ತು. ಬೇಡ, ಕೂತುಕೋ ಎಂದೆ. ನಾನು ಹೇಳುವುದನ್ನು ನಿಮ್ಮ ಅಮ್ಮನಿಗೆ ಅವರ ಭಾಷೆಯಲ್ಲಿ ಹೇಳು, ಏನೂ ಸೇರಿಸಬೇಡ ಎಂದೆ. ಬೀಗಿತ್ತಿ ಸೊಪ್ಪು ಕೆಳಗಿಟ್ಟರು.

‘ಅವತ್ತು ನಿಮ್ಮ ಊಟ ನನಗೆ ಅಸಹ್ಯ ಆಗಿರಲಿಲ್ಲ. ನನಗೆ ಸುತ್ತೋಕೆ ಬರಲಿಲ್ಲ. ಬರಲ್ಲ ಅಂತ ಹೇಳೋಕೂ ಬರಲಿಲ್ಲ.’

ಇಷ್ಟೇ. ಮೂರು ಮಾತು.

ಅಳಿಯ ಹೇಳಿದ. ಮೂರು ಮಾತಿಗೆ ಅಷ್ಟು ಹೊತ್ತು ಯಾಕೆ ಬೇಕಾಯಿತೋ, ಖಂಡಿತ ಏನೋ ಸೇರಿಸಿದ್ದಾನೆ. ಬೀಗಿತ್ತಿ ತಮ್ಮ ಎರಡೂ ಕೈ ಮುಂದೆ ಚಾಚಿ, ಬೇಕೆಂದೇ ಗಡಗಡ ನಡುಗಿಸಿ ತೋರಿಸಿದರು. ಏನೋ ಹೇಳಿದರು. ಅಳಿಯ ಹೇಳಲೋ ಬೇಡವೋ ಎಂದು ತಡೆದ. ಹೇಳು ಎಂದೆ. ‘ಅಮ್ಮ ಹೇಳ್ತಾರೆ, ಅಷ್ಟು ಗಟ್ಟಿ ಮುಖದ ಹೆಂಗಸನ್ನ ನಾನು ಅಲ್ಲಿ ತನಕ ನೋಡಿರಲಿಲ್ಲ. ಹೆದರಿಕೆಗೆ ಕೈ ಹೀಗಾಗಿತ್ತು. ಕೈಗೊಂದು ಕೆಲಸ ಸಿಗಲಿ ಅಂತ ಸುತ್ತಿದೆ.’

ಮಗಳು ನಮಗೆ ಬೆನ್ನು ಹಾಕಿ ಸಿಂಕಿನ ಹತ್ತಿರ ನಿಂತಿದ್ದಳು. ನಲ್ಲಿ ಜೋರಾಗಿ ಹರಿಯುತ್ತಿತ್ತು, ಕೆಳಗೆ ಒಂದು ಪಾತ್ರೆಯೂ ಇರಲಿಲ್ಲ. ನಾನು ಎದ್ದು ಹೋಗಿ ನಲ್ಲಿ ನಿಲ್ಲಿಸಿದೆ. ಪಕ್ಕದಲ್ಲಿ ನಿಂತೆ. ಅವಳು ಕೈ ಒರೆಸಿಕೊಳ್ಳುತ್ತ, ‘ನಿನಗೆ ರೈಲು ಎಷ್ಟೊತ್ತಿಗೆ?’ ಎಂದು ಕೇಳಿದಳು. ಐದೂ ನಲವತ್ತು ಎಂದೆ. ಗಡಿಯಾರ ನೋಡಿದಳು. ಹೊರಡು ಎನ್ನಲಿಲ್ಲ. ಉಳಿ ಎನ್ನಲೂ ಇಲ್ಲ. ಒಂದು ಏಪ್ರನ್ ತೆಗೆದು ನನ್ನ ಕೊರಳಿಗೆ ಹಾಕಿ, ಹಿಂದಿನಿಂದ ಗಂಟು ಬಿಗಿದಳು. ಹೊಲಿಗೆ ಸಡಿಲ, ಜೇಬು ವಾರೆ. ಅದನ್ನೂ ಹೇಳಿದೆ. ‘ಬಂದು ಒಂದು ದಿನ ಆಗಿಲ್ಲ, ಶುರು ಮಾಡಿದ್ಲು’ ಎಂದು ಗಂಡನಿಗೆ ದೂರು ಹೇಳಿದಳು. ಮೂರು ವರ್ಷದ ಮೇಲೆ ನನ್ನ ಮೇಲೆ ಬಂದ ದೂರು. ಕಿವಿಗೆ ಎಷ್ಟು ಹಿತವಾಯಿತು ಎಂದರೆ, ಆಮೇಲೆ ಅಂಚಿನ ಬಗ್ಗೆಯೂ ಎರಡು ಮಾತು ಸೇರಿಸಿದೆ.

ಕಂಡಕ್ಟರೇ, ಆ ಸೂಪನ್ನು ಹೇಗೆ ಮಾಡುತ್ತಾರೆ ಗೊತ್ತೇ? ಸಂಜೆಯೇ ನೋಡಿದೆ. ಶುಂಠಿಯನ್ನೂ ಈರುಳ್ಳಿಯನ್ನೂ ನೇರ ಉರಿಯಲ್ಲಿ ಕರಿ ಹಿಡಿಯುವವರೆಗೆ ಸುಡುತ್ತಾರೆ. ಚಕ್ಕೆ, ಲವಂಗ, ಚಕ್ರಮೊಗ್ಗು ಬಾಣಲೆಯಲ್ಲಿ ಬೆಚ್ಚಗಾಗಬೇಕು, ಹುರಿಯಬಾರದು. ಮೂಳೆಯನ್ನು ಒಮ್ಮೆ ಕುದಿಸಿ ಆ ನೀರು ಚೆಲ್ಲಿ, ಮತ್ತೆ ಹೊಸ ನೀರು. ಆಮೇಲೆ ಹನ್ನೆರಡು ಗಂಟೆ ಕಾಲ ಒಲೆಯ ಮೇಲೆ, ಆದರೆ ಕುದಿಯುವ ಹಾಗಿಲ್ಲ, ಬರೀ ಉಸಿರಾಡುತ್ತಿರಬೇಕು. ಬೀಗಿತ್ತಿ ಬೆರಳು ಎತ್ತಿದರೆ ಉರಿ ಹೆಚ್ಚು, ಇಳಿಸಿದರೆ ಕಡಿಮೆ. ಭಾಷೆಯ ಕೆಲಸವೇ ಇಲ್ಲ. ಮುಚ್ಚಳ ತೆಗೆದಾಗ ಬಂದ ವಾಸನೆಗೆ ನಾನು ಹುಡುಗಿಯ ಹಾಗೆ ಇಬ್ಬರ ತೋಳನ್ನೂ ಹಿಡಿದುಕೊಂಡೆ. ಒಂದು ವಿಷಯದಲ್ಲಿ ಮಾತ್ರ ನಮಗೆ ಒಮ್ಮತವಿಲ್ಲ. ಉಪ್ಪು ಒಂದು ಚಿಟಿಕೆ ಹೆಚ್ಚು ಎಂದು ನಾನು, ಇಲ್ಲವೆಂದು ಅವರು. ಅಳಿಯ ಇಬ್ಬರ ನಡುವೆ ಸೌಟು ಹಿಡಿದು ನಿಂತಿದ್ದಾನೆ.

ಗುರುವಾರದವರೆಗೆ ಇಲ್ಲೇ ಇರುತ್ತೇನೆ. ಈ ಕಾಗದ ಸಿಕ್ಕ ಕೂಡಲೇ ನೀನು ವರ್ಕ್‌ಶಾಪಿಗೆ ಹೋಗಿ, ಕಾಲರಿನ ಬಟ್ಟೆಯನ್ನು ನಾನು ಬರುವ ತನಕ ಕತ್ತರಿಸಬಾರದು ಎಂದು ಹೇಳು. ಕಾಜಾ ಹಾಕುವವಳಿಗೆ, ನಾನು ಅವಳ ಯೋಗಕ್ಷೇಮ ಕೇಳಿದೆ ಎಂದು ಹೇಳು. ಯಾಕೆ ಎಂದು ಅವಳು ವಿಚಾರಿಸಿದರೆ, ಸುಮ್ಮನೆ ಕೇಳಿದರು ಎನ್ನು. ಬರುವ ಭಾನುವಾರದ ನಮ್ಮ ಊಟಕ್ಕೆ ಬೀಗಿತ್ತಿಯೂ ಮಗಳೂ ನನ್ನ ಜೊತೆ ಬರುತ್ತಾರೆ. ನರ್ಸಿಗೆ ದೊಡ್ಡ ಪಾತ್ರೆ ಹುಡುಕಿಡಲು ಹೇಳು. ನಮ್ಮ ಮನೆಯಲ್ಲಿರುವ ಯಾವುದೂ ಸಾಲುವುದಿಲ್ಲ.

ಇನ್ನೂ ಬರೆಯುವುದಿತ್ತು. ಮಗಳು ಕೆಳಗಿನಿಂದ ‘ಅಮ್ಮ, ಊಟಕ್ಕೆ ಬಾ, ಆರಿಹೋಗುತ್ತೆ’ ಎಂದು ಎರಡು ಸಲ ಕೂಗಿದಳು. ಮೂರನೆಯ ಸಲ ಕೂಗಿಸಿಕೊಳ್ಳುವುದಿಲ್ಲ, ಹೊರಟೆ.

ನಿಮ್ಮ ಮಾಸ್ಟರ್